ಅರ್ಥ್ ಇಲ್ಲದ ವೈರಿಂಗ್

ನಟ್ಟು ಜಗ್ಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಇನ್ನೊಂದು ಸ್ಪ್ಯಾನರು ಸಿಕ್ಕಿಸಿ, ಮೊಣಕಾಲನ್ನು ಬಂಪರಿಗೆ ಒತ್ತಿ, ಹಲ್ಲು ಕಚ್ಚಿ ಎಳೆದೆ. ಕಟಕ್ ಎಂದಿತು.

"ಮೆಲ್ಲಗೇ! ಬಣ್ಣ ಕಿತ್ತುಬರುತ್ತೆ!" ಹಿಂದಿನಿಂದ ಮಾವ ಕೂಗಿದ.

ಮೂತಿ ಜಜ್ಜಿಹೋದ ಕಾರಿನ ಮುಂದೆ ನಿಂತು ಬಣ್ಣದ ಚಿಂತೆ ಮಾಡುವವನು ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅವನು ನನ್ನ ಅಮ್ಮನ ತಮ್ಮ. ಎಡಗಡೆ ಹೆಡ್‌ಲೈಟು ಇದ್ದ ಜಾಗದಲ್ಲಿ ಗುಳಿ ಬಿದ್ದಿತ್ತು. ಬಾನೆಟ್ಟು ಯಾರೋ ಓದಿ ಸಿಟ್ಟಿನಿಂದ ಮುದುರಿ ಎಸೆದ ಕಾಗದದ ಹಾಗಿತ್ತು. ಕಾರಿನ ಒಡತಿ, ಅರವತ್ತೆಂಟು ವರ್ಷದ ಹಲ್ಲಿನ ಡಾಕ್ಟರಮ್ಮ, ಭುಜದ ಮೂಳೆ ಬಿರುಕು ಬಿಟ್ಟುಕೊಂಡು ಮನೆಯಲ್ಲಿ ಕೂತಿದ್ದರು. ಮೂರು ದಿನದ ಹಿಂದೆ ಮುಸ್ಸಂಜೆ, ಊರಾಚೆಯ ಇಳಿಜಾರಿನ ತಿರುವಿನಲ್ಲಿ ಎರಡೂ ಹೆಡ್‌ಲೈಟು ಒಟ್ಟಿಗೆ ಆರಿಹೋಗಿ, ಕಾರು ಒಂದು ಗೋದಾಮಿನ ಕಾಂಪೌಂಡಿಗೆ ಗುದ್ದಿತ್ತು. ಆ ಹೆಡ್‌ಲೈಟುಗಳಿಗೆ ಹೊಸ ವೈರಿಂಗ್ ಮಾಡಿದವಳು ನಾನು.

ನಟ್ಟು ತೆಗೆದು, ವೈರುಗಳ ತುದಿಯ ತಾಮ್ರದ ಉಂಗುರವನ್ನು ಬೋಲ್ಟಿನಿಂದ ಮೇಲೆತ್ತಿದೆ. ಅದರ ಕೆಳಗೆ, ಎರಡು ತಿಂಗಳ ಹಿಂದೆ ನಾನು ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ ಬರಿ ತಗಡು ಇರಬೇಕಿತ್ತು. ಇದ್ದದ್ದು ಕೆಂಪು ಬಣ್ಣ. ದಪ್ಪಗೆ, ನುಣ್ಣಗೆ, ಹೊಳೆಹೊಳೆಯುವ ಕೆಂಪು. ಬೋಲ್ಟಿನ ಬುಡದಲ್ಲಿ ಮಾತ್ರ ಸುಟ್ಟ ಕಪ್ಪು ಕಲೆ.

"ಮಾವ, ಇದನ್ನ ಯಾರು ಮಾಡಿದ್ದು?"

"ಯಾವುದನ್ನ?"

"ಈ ಬಣ್ಣಾನ."

"ಬಣ್ಣದ ಶೆಡ್ಡಿನಲ್ಲಿ ನಿಂತ್ಕೊಂಡು ಬಣ್ಣ ಯಾರು ಹೊಡೆದದ್ದು ಅಂತ ಕೇಳ್ತಾಳಲ್ಲ! ಇನ್ನು ಸ್ವಲ್ಪ ಹೊತ್ತಿಗೆ 'ಮಾವ, ನೀನು ಯಾರು' ಅಂತಲೂ ಕೇಳ್ತೀಯ."

ಮೀಟರು ತಂದೆ. ಅದರ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಆ ಕೆಂಪಿನ ಮೇಲೆ ಇಟ್ಟೆ. ಕರೆಂಟು ಹರಿಯುವ ದಾರಿ ಇದ್ದರೆ ಮೀಟರು ಕೂಗುತ್ತದೆ. ಕೂಗಲಿಲ್ಲ. ಚೂರಿಯಿಂದ ಬಣ್ಣವನ್ನು ಉಗುರಿನಷ್ಟು ಕೆರೆದು ಮತ್ತೆ ಇಟ್ಟೆ. ಕೂಗಿತು. ಮಾವನಿಗೆ ಕೇಳಿಸಲಿ ಎಂದು ಬೇಕೆಂದೇ ಇಟ್ಟುಕೊಂಡೇ ಇದ್ದೆ.

"ಸಾಕು ನಿಲ್ಸು, ಕಿವಿ ತೂತಾಗುತ್ತೆ," ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಅಲ್ಲಿ ಬೋಳು ಬಿಟ್ಟಿದ್ದೆಯಲ್ಲೇ. ಇಷ್ಟಗಲ. ಇಡೀ ಕಾರು ಕನ್ನಡಿ ಥರ ಇರೋವಾಗ ಅಲ್ಲೊಂದು ಗಜಕರ್ಣ. ಹೇಗೆ ಬಿಡಲಿ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಮೇಲೆ ಯಾರೂ ಬಿಡಿಸಿ ಹೇಳಲಿಲ್ಲ.

ಡಾಕ್ಟರಮ್ಮನ ಕಾರು ಎರಡೇ ಸೀಟಿನದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಆ ಕಾಲದ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಹೊರಟು, ಸ್ಟೇರಿಂಗಿನ ಪಕ್ಕದ ಚಿಕ್ಕ ಸ್ವಿಚ್ಚಿನೊಳಗೆ ನುಸುಳಿ, ಕೂದಲೆಳೆಯಂಥ ವೈರುಗಳಲ್ಲಿ ಬಳಸಿ ಬಳಸಿ ದೀಪಕ್ಕೆ ಹೋಗುತ್ತದೆ. ತಲುಪುವಷ್ಟರಲ್ಲಿ ಸುಸ್ತು. ಅವರ ಕಾರಿನಲ್ಲಿ ಬ್ಯಾಟರಿಯ ಹತ್ತಿರ ಹದಿನಾಲ್ಕು ವೋಲ್ಟು ಇದ್ದರೆ ಬಲ್ಬಿನ ಹತ್ತಿರ ಹತ್ತೂವರೆ. ಬೆಳಕು ಕಾಮಾಲೆಯ ಬಣ್ಣ. ಸ್ವಿಚ್ಚು ಮುಟ್ಟಿದರೆ ಬೆರಳು ಚುರ್ ಎನ್ನುತ್ತಿತ್ತು. ಅದಕ್ಕೆ ಮದ್ದು ಎಂದರೆ ರಿಲೇ ಹಾಕುವುದು: ದೀಪಕ್ಕೆ ಬೇಕಾದ ಕರೆಂಟು ದಪ್ಪ ವೈರಿನಲ್ಲಿ, ಫ್ಯೂಸ್ ದಾಟಿ, ಬ್ಯಾಟರಿಯಿಂದ ನೇರ ಬರುತ್ತದೆ, ಸ್ವಿಚ್ಚು ಬರೀ ಸನ್ನೆ ಮಾಡುತ್ತದೆ.

"ಅಂದ್ರೆ ಆಫೀಸಿನ ಹಾಗೆ," ಎಂದಿದ್ದರು ಡಾಕ್ಟರಮ್ಮ ನಾನು ರಿಲೇ ಹಾಕುತ್ತಿದ್ದ ದಿನ, ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತು. "ಸಾಹೇಬರು ತಲೆ ಆಡಿಸ್ತಾರೆ, ಕೆಲಸ ಬೇರೆಯವರು ಮಾಡ್ತಾರೆ."

"ಹಾಗೇ ಅಂದ್ಕೊಳ್ಳಿ."

"ಇಷ್ಟು ದಿನ ಸಾಹೇಬರ ಕೈಯಲ್ಲೇ ಮೂಟೆ ಹೊರಿಸಿಬಿಟ್ಟಿದ್ದೆವಾ? ಪಾಪ!"

ಹೋದ ಕರೆಂಟು ವಾಪಸು ಬರಬೇಕಲ್ಲ. ಕಾರಿನ ತಗಡಿನ ಮೈಯೇ ವಾಪಸು ಬರುವ ದಾರಿ. ದೀಪದಿಂದ ಬಂದ ವೈರನ್ನು ತಗಡಿಗೆ ಬಿಗಿಯುವುದಕ್ಕೆ ನಮ್ಮ ಕಸುಬಿನಲ್ಲಿ ಅರ್ಥ್ ಕೊಡುವುದು ಎನ್ನುತ್ತೇವೆ. ತಗಡು ಬೆತ್ತಲೆ ಇರಬೇಕು. ಬಣ್ಣ ಇದ್ದರೆ ದಾರಿ ಬಂದ್. ನಾನು ಉಜ್ಜುವುದನ್ನು ನೋಡಿ ಡಾಕ್ಟರಮ್ಮ, "ಹಲ್ಲಿಗೆ ಸಿಮೆಂಟು ತುಂಬೋ ಮುಂಚೆ ನಾನೂ ಹೀಗೇ ಕೆರೆಯೋದು. ಕೆರೆಯದೆ ತುಂಬಿದ್ರೆ ಮನೆಗೆ ಹೋಗೋಷ್ಟರಲ್ಲಿ ಬಿದ್ದಿರುತ್ತೆ," ಎಂದಿದ್ದರು. ಕೆಲಸ ಮುಗಿದಾಗ ಬಲ್ಬಿನ ಹತ್ತಿರ ಹದಿಮೂರೂವರೆ ವೋಲ್ಟು. ಎದುರು ಗೋಡೆಯ ಮೇಲೆ ಹರಿದಾಡುತ್ತಿದ್ದ ಹಲ್ಲಿಗೂ ನೆರಳು ಬಿತ್ತು.

ಆಮೇಲೆ ಎಂಜಿನ್ ಸುತ್ತಲಿನ ತಗಡಿಗೆ ಬಣ್ಣ ಹೊಡೆಯಲೆಂದು ಕಾರು ಅದೇ ಶೆಡ್ಡಿನ ಮುಂಭಾಗಕ್ಕೆ, ಮಾವನ ಕೈಗೆ ಹೋಯಿತು. ನನ್ನದು ಹಿಂದಿನ ಮೂಲೆ, ಬಣ್ಣದ ಡಬ್ಬಿಗಳ ಮಗ್ಗುಲಲ್ಲಿ ಒಂದು ಬೆಂಚು. "ಮಾವ, ಆ ಬೋಲ್ಟಿನ ಹತ್ತಿರ ಅರ್ಥ್ ಇದೆ, ಮುಟ್ಟಬೇಡ," ಎಂದು ಹೇಳಿಯೇ ಹೇಳಿದ್ದೆ. "ಅರ್ಥ ಆಯ್ತು ಹೋಗು," ಎಂದಿದ್ದ. ಆ ವಾರ ನಾನು ಒಂದು ಲಾರಿ ಕಂಪನಿಯ ಯಾರ್ಡಿನಲ್ಲಿದ್ದೆ. ಕಾರನ್ನು ಡೆಲಿವರಿ ಕೊಟ್ಟವನು ಅವನೇ.

ಊರಿನವರು ಅವನನ್ನು ಕನ್ನಡಿ ಮೇಸ್ತ್ರಿ ಎನ್ನುತ್ತಾರೆ. ಅವನು ಬಣ್ಣ ಹೊಡೆದ ಬಾಗಿಲಿನಲ್ಲಿ ಗಿರಾಕಿಗಳು ತಲೆ ಬಾಚಿಕೊಳ್ಳುತ್ತಾರೆ. ಹತ್ತು ಅಡಿ ದೂರದಿಂದ ಬಾನೆಟ್ಟಿನ ಮೇಲೆ ಅಂಟಿದ ಒಂದು ಎಳೆ ಕೂದಲನ್ನು ಹಿಡಿಯುತ್ತಾನೆ. ಅಂಥವನ ಕಣ್ಣಿಗೆ ನಾಣ್ಯದಗಲದ ಆ ಬೋಳು ಮುಳ್ಳಿನಂತೆ ಚುಚ್ಚಿರಬೇಕು. ನನ್ನ ನಟ್ಟು ಬಿಚ್ಚಿ, ಉಂಗುರ ಸರಿಸಿ, ಐದು ಕೋಟು ಹೊಡೆದು, ಪ್ರತಿ ಕೋಟಿನ ನಡುವೆ ಒಣಗಿಸಿ, ಪಾಲಿಶ್ ಮಾಡಿ, ಉಂಗುರವನ್ನು ಮೊದಲಿನಂತೆಯೇ ಕೂರಿಸಿ ನಟ್ಟು ಬಿಗಿದಿದ್ದಾನೆ. ಎಂಥ ಶ್ರದ್ಧೆ! ಸೋಮಾರಿಯಾಗಿದ್ದರೆ ಡಾಕ್ಟರಮ್ಮನ ಮೂಳೆ ಉಳಿಯುತ್ತಿತ್ತು.

"ಎರಡು ತಿಂಗಳು ಉರೀತಲ್ಲ?" ಮಾವ ಕೇಳಿದ. "ಬಣ್ಣ ಅಡ್ಡ ಬರೋದಾಗಿದ್ರೆ ಮೊದಲ ದಿನವೇ ಆರಬೇಕಿತ್ತು."

"ಬೋಲ್ಟಿನ ಥ್ರೆಡ್ಡಿನಲ್ಲಿ ಅಲ್ಪಸ್ವಲ್ಪ ಹರೀತಿತ್ತು ಮಾವ. ಹರಿದೂ ಹರಿದೂ ಕಾಯ್ತು, ಸುಟ್ಟಿತು, ಕೊನೆಗೆ ದಾರಿ ಕಡಿದುಹೋಯ್ತು. ಈ ಕಪ್ಪು ಕಾಣಲ್ವಾ?"

"ನಾನು ಚೆನ್ನಾಗೇ ಬಿಗಿ ಮಾಡಿದ್ದೆ."

"ಬಿಗಿ ಮಾಡಿದ್ದೀಯ. ಬಣ್ಣದ ಮೇಲೆ."

ಅವನು ಚಿಂದಿಬಟ್ಟೆಯಿಂದ ಕೈ ಒರೆಸಿಕೊಂಡ. ಕೈಯಲ್ಲಿ ಏನೂ ಇರಲಿಲ್ಲ. "ಆಯ್ತು, ಈಗ ಊರೆಲ್ಲ ಡಂಗುರ ಹೊಡೀಬೇಡ," ಎಂದು ಹೊರಟುಹೋದ.

ಹೊಡೆಯಲಿಲ್ಲ. ಅದೇ ನಾನು ಮಾಡಿದ ಪೆದ್ದುತನ.

ಮರುದಿನ ಹಳೆ ಕಾರುಗಳ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ನಮ್ಮೂರಿನಲ್ಲಿ ಹಳೆ ಕಾರು ಇಟ್ಟುಕೊಂಡವರೆಲ್ಲ ಆ ಸಂಘದವರೇ. ಕೆಲಸ ಗೊತ್ತಿರುವ ಮೆಕ್ಯಾನಿಕ್ಕುಗಳ ಹೆಸರಿನ ಒಂದು ಪಟ್ಟಿ ಅವರಲ್ಲಿದೆ. ಸದಸ್ಯರು ಆ ಪಟ್ಟಿಯಲ್ಲಿಲ್ಲದವರ ಕೈಗೆ ಕಾರಿನ ಬೀಗದಕೈ ಕೊಡುವುದಿಲ್ಲ. ನನ್ನ ಹೆಸರು ಪಟ್ಟಿಗೆ ಸೇರಲು ಆರು ವರ್ಷ ಹಿಡಿದಿತ್ತು. ಎಲೆಕ್ಟ್ರಿಕ್ ಕೆಲಸಕ್ಕೆಂದು ಇರುವ ಹೆಸರು ಅದೊಂದೇ.

"ಏನಾಯ್ತಮ್ಮ ಅದು? ನಿಮ್ಮ ಬಾಯಲ್ಲೇ ಕೇಳೋಣ ಅಂತ," ಎಂದರು ಕಾರ್ಯದರ್ಶಿ.

ಮಾವನ ಹೆಸರು ಎತ್ತಬಾರದು ಎಂದು ತುಟಿ ಬಿಗಿದುಕೊಂಡೇ ಮಾತಾಡಿದೆ. "ಸರ್, ನಾನು ಬಿಚ್ಚಿ ನೋಡಿದೆ. ಆಕ್ಸಿಡೆಂಟ್ ಆದಾಗ ಅದು ಅರ್ಥ್ ಇಲ್ಲದ ವೈರಿಂಗ್ ಆಗಿತ್ತು. ಅಷ್ಟೇ ಕಾರಣ."

"ನೀವೇ ಹೇಳ್ತಿದ್ದೀರಿ ಇದನ್ನ?"

"ಹೌದು ಸರ್, ನಾನೇ ಹೇಳ್ತಿದ್ದೀನಿ."

"ಒಳ್ಳೇದಮ್ಮ, ಒಳ್ಳೇದು. ಇಷ್ಟು ಪ್ರಾಮಾಣಿಕವಾಗಿ ಈ ಕಾಲದಲ್ಲಿ ಯಾರು ಹೇಳ್ತಾರೆ?"

ನನಗೆ ಖುಷಿಯೇ ಆಯಿತು. ಆ ಖುಷಿ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹತ್ತು ದಿನದ ಮೇಲೆ ಸಂಘದ ವಾರ್ತಾಪತ್ರಿಕೆ ಬಂತು. ಮೂರನೇ ಪುಟದಲ್ಲಿ, ಟೈರ್ ಅಂಗಡಿಯ ಜಾಹೀರಾತಿನ ಮೇಲೆ, ಚೌಕದೊಳಗೆ: 'ಅಪಘಾತಕ್ಕೆ ಅರ್ಥವಿಲ್ಲದ ವೈರಿಂಗೇ ಕಾರಣವೆಂದು ಕೆಲಸ ಮಾಡಿದ ಮಹಿಳೆಯೇ ಒಪ್ಪಿಕೊಂಡಿದ್ದಾರೆ. ಸದಸ್ಯರು ತಮ್ಮ ವಾಹನಗಳ ಮೂಲ ವೈರಿಂಗನ್ನು ಬದಲಿಸಬಾರದೆಂದು ಕೋರಿಕೆ.'

ಅರ್ಥವಿಲ್ಲದ. ಒಂದು ಸಲ ಓದಿದೆ, ನಗು ಬಂತು. ಎರಡನೇ ಸಲ ಬರಲಿಲ್ಲ. ನಾನು ಹೇಳಿದ ಅರ್ಥ್ ಅವರ ಕಿವಿಯಲ್ಲಿ ಅರ್ಥವಾಗಿ, ಕಾಗದದ ಮೇಲೆ ನಾನು ತಲೆಬುಡವಿಲ್ಲದ ಕೆಲಸ ಮಾಡುವವಳಾಗಿ, ಅದನ್ನು ನಾನೇ ಡಬಲ್ ಖಾತ್ರಿ ಮಾಡಿ ಹೇಳಿದವಳಾಗಿ ಅಚ್ಚಾಗಿದ್ದೆ.

ಆ ವಾರ ಒಂದು ಬಿಳಿ ಕೂಪೆ ಕಾರಿನವನು ಬಂದ. ಹೋದ ವರ್ಷ ಅವನ ಕಾರಿಗೂ ರಿಲೇ ಹಾಕಿಕೊಟ್ಟಿದ್ದೆ. "ತೆಗೆದುಬಿಡಿ ಇವನ್ನೆಲ್ಲ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ," ಎಂದ.

"ಮೊದಲು ನಿಮ್ಮ ಸ್ವಿಚ್ಚು ಕರಗಿ ಹೊಗೆ ಬಂದಿತ್ತು. ಮರೆತ್ರಾ?"

"ಆದ್ರೂ ಕಂಪನಿಯವರು ಏನೂ ಗೊತ್ತಿಲ್ಲದೆ ಮಾಡಿರ್ತಾರಾ ಮೇಡಂ? ನೀವು ಅವರಿಗಿಂತ ಬುದ್ಧಿವಂತರಾ?"

"ಈ ಒಂದು ವಿಷಯದಲ್ಲಿ ಹೌದು."

ಅವನು ನಕ್ಕು ಕಾರು ತೆಗೆದುಕೊಂಡು ಹೋದ. ಇನ್ನೊಬ್ಬರು ಬರುವ ತಿಂಗಳು ಎಂದವರು ಬರಲೇ ಇಲ್ಲ. ನನ್ನ ಬೆಂಚಿನ ಮೇಲೆ ಮಾವನ ಬಣ್ಣದ ಡಬ್ಬಿಗಳು ಮೆಲ್ಲಗೆ ಬಂದು ಕೂರತೊಡಗಿದವು. ಜಾಗ ಖಾಲಿ ಕಂಡರೆ ಡಬ್ಬಿಗಳಿಗೂ ಗೊತ್ತಾಗುತ್ತದೆ.

ಪತ್ರಿಕೆಯನ್ನು ಮಾವನ ಮುಂದೆ ಹಿಡಿದೆ. "ಓದು."

"ಕನ್ನಡಕ ಮರೆತು ಬಂದಿದ್ದೀನಿ ಕಣೇ."

ಹತ್ತು ಅಡಿಯಿಂದ ಕೂದಲು ಹಿಡಿಯುವವನು!

"ಸರಿ, ನಾನೇ ಓದ್ತೀನಿ." ಗಟ್ಟಿಯಾಗಿ ಓದಿದೆ. ಕಾರಿನ ಬಾಗಿಲಿಗೆ ಪಾಲಿಶ್ ತಿಕ್ಕುತ್ತಿದ್ದ ಅವನ ಕೈ ನಿಲ್ಲಲಿಲ್ಲ. ಉರುಟುರುಟಾಗಿ ಅದೇ ಜಾಗವನ್ನು ತಿಕ್ಕುತ್ತಲೇ ಇತ್ತು.

"ನೀನೊಂದು ಮಾತು ಹೇಳಿದ್ರೆ ಮುಗೀತು ಮಾವ. ಅಲ್ಲಿ ಬಣ್ಣ ಹೊಡೆದದ್ದು ನಾನು ಅಂತ."

"ಮೂವತ್ತು ವರ್ಷದಿಂದ ಈ ಕೈಯಲ್ಲಿ ಒಂದು ತಪ್ಪು ಆಗಿದೆ ಅಂತ ಯಾರೂ ಅಂದಿಲ್ಲ."

"ನಾನೂ ಅಂದಿಲ್ಲವಲ್ಲ! ಅನ್ನದೇ ಇದ್ದಿದ್ದಕ್ಕೇ ಇಲ್ಲಿಗೆ ಬಂದಿದೆ."

"ನಿನಗೆ ಇನ್ನೂ ವಯಸ್ಸಿದೆ. ಹೆಸರು ಮತ್ತೆ ಬರುತ್ತೆ. ನನಗೆ ಹೋದ್ರೆ ಹೋಯ್ತು."

ಇದಕ್ಕಿಂತ ಅವನು ಕೆನ್ನೆಗೆ ಹೊಡೆದಿದ್ದರೆ ವಾಸಿ ಇತ್ತು. ನನ್ನ ಹೆಸರು ಗಿಡದ ಮೇಲೆ ಬಿಡುವ ಕಾಯಿಯೇ, ಕಿತ್ತರೆ ಮತ್ತೆ ಬಿಡಲು? ಮನೆಯಲ್ಲಿ ಅಮ್ಮನಿಗೆ ಹೇಳಿದರೆ ಅಮ್ಮ ತಮ್ಮನ ಕಡೆ. "ಅವನು ಮೊದಲಿಂದಲೂ ಹಾಗೇ, ಏನಾದ್ರೂ ಅಂದ್ರೆ ಊಟ ಬಿಡ್ತಾನೆ," ಎಂದಳು. ನಾನು ಊಟ ಬಿಟ್ಟೆ. ಯಾರೂ ಗಮನಿಸಲಿಲ್ಲ.

ಸಂಘದ ತಾಂತ್ರಿಕ ಸಮಿತಿಗೆ ಕಾಗದ ಬರೆದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದರು.

ಸಂಘದ ಕೋಣೆ ಟೈರ್ ಅಂಗಡಿಯ ಮೇಲೆ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ. ಗಾಜಿನ ಕಪಾಟಿನ ತುಂಬ ಪಂದ್ಯಗಳಲ್ಲಿ ಗೆದ್ದ ಕಪ್ಪುಗಳು, ಗೋಡೆಯ ಮೇಲೆ ಕಾರುಗಳಿಗೆ ಒರಗಿ ನಿಂತ ಗಂಡಸರ ಫೋಟೋಗಳು. ಉದ್ದ ಮೇಜಿನ ಆಚೆ ಕಾರ್ಯದರ್ಶಿ, ಅವರ ಅಕ್ಕಪಕ್ಕ ಇಬ್ಬರು ಸದಸ್ಯರು. ಈಚೆ ಡಾಕ್ಟರಮ್ಮ, ಬಲಗೈ ಕೊರಳಿಗೆ ಜೋಳಿಗೆ ಕಟ್ಟಿಕೊಂಡು. ಅವರಿಂದ ಒಂದು ಕುರ್ಚಿ ಬಿಟ್ಟು ಮಾವ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅವನನ್ನು ಕರೆದದ್ದು ನನಗೆ ಗೊತ್ತಿರಲಿಲ್ಲ.

"ಕೂತ್ಕೋ ಕರೆಂಟು," ಎಂದರು ಡಾಕ್ಟರಮ್ಮ. ಶೆಡ್ಡಿನವರು ನನಗಿಟ್ಟ ಹೆಸರು ಅವರಿಗೂ ಅಂಟಿತ್ತು. "ಕೈ ನೋಡಬೇಡ, ವಾಸಿ ಆಗ್ತಿದೆ. ಎಡಗೈಯಲ್ಲಿ ಹಲ್ಲುಜ್ಜೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಯ್ತು. ಇಷ್ಟು ದಿನ ಊರಿಗೆಲ್ಲ ಉಪದೇಶ ಮಾಡಿದ್ದೆ."

ನಾನು ನಿಂತೇ ಹೇಳಿದೆ. ಅರ್ಥ್ ಎಂದರೇನು, ತಗಡು ಬರಿ ಯಾಕಿರಬೇಕು, ಮೀಟರು ಎಲ್ಲಿ ಕೂಗಿತು, ಎಲ್ಲಿ ಕೂಗಲಿಲ್ಲ. ಸುಟ್ಟ ಉಂಗುರವನ್ನು ಮೇಜಿನ ಮೇಲೆ ಇಟ್ಟೆ. ಕಾರ್ಯದರ್ಶಿ ಅದನ್ನು ಪೆನ್ನಿನ ತುದಿಯಿಂದ ಮುಟ್ಟಿ ನೋಡಿದರು.

"ಅಂದ್ರೆ ನೀವು ಹೇಳಿದ್ದು ಅರ್ಥ ಅಲ್ಲ, ಅರ್ಥ್," ಎಂದರು.

"ಹೌದು."

"ಹೋ!" ಪಕ್ಕದ ಸದಸ್ಯರು ಹೊಟ್ಟೆ ಕುಲುಕಿಸಿ ನಕ್ಕರು. "ಅರ್ಥಕ್ಕೆ ಅನರ್ಥ!"

ಮೂವರೂ ನಕ್ಕರು. ಮಾವನೂ ಸ್ವಲ್ಪ ನಕ್ಕ. ನಗು ಮುಗಿಯುವ ತನಕ ಕಾದೆ. ಗಂಡಸರ ನಗು ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ನಗದೆ ನಿಂತಿರಬೇಕು.

"ನನಗೊಂದು ಜ್ಞಾಪಕ ಇದೆ," ಎಂದರು ಡಾಕ್ಟರಮ್ಮ. "ದೀಪ ಆರೋ ಮುಂಚೆ ಎರಡು ಸಲ ಮಿಣುಕಿತು. ಗುಂಡಿ ಹಾರಿದಾಗ ಒಂದ್ಸಲ, ತಿರುವಿನಲ್ಲಿ ಒಂದ್ಸಲ. ಎರಡೂ ಒಟ್ಟಿಗೇ."

"ಎರಡೂ ಒಟ್ಟಿಗೆ ಅಂದ್ರೆ ಅರ್ಥ್ ಹೋಯ್ತು ಅಂತಲೇ," ಎಂದೆ. "ಇನ್ನೊಂದು ಮಾತು. ಇದರಲ್ಲಿ ನನ್ನ ತಪ್ಪೂ ಒಂದಿದೆ. ಎರಡು ದೀಪಕ್ಕೂ ಒಂದೇ ಬೋಲ್ಟಿನಲ್ಲಿ ಅರ್ಥ್ ಕೊಟ್ಟೆ. ಬೇರೆ ಬೇರೆ ಕಡೆ ಕೊಟ್ಟಿದ್ರೆ ಒಂದಾದರೂ ಉಳೀತಿತ್ತು. ಅದನ್ನ ಬರ್ಕೊಳ್ಳಿ."

"ನೋಡಿ, ಮತ್ತೆ ಒಪ್ಕೊಂಡ್ರು!" ಸದಸ್ಯರು ಬೆರಳು ಎತ್ತಿದರು.

"ನನ್ನದನ್ನ ಒಪ್ಕೊಂಡೆ. ಬಣ್ಣ ನನ್ನದಲ್ಲ."

ಯಾರೂ ಮಾವನ ಕಡೆ ನೋಡಲಿಲ್ಲ. ನೋಡದೇ ಇರಲು ಅಷ್ಟೊಂದು ಕಷ್ಟಪಟ್ಟರು ಎಂದರೆ, ಅವರಿಗೆಲ್ಲ ಗೊತ್ತಿದೆ ಎಂದು ನನಗೆ ಆಗ ಹೊಳೆಯಿತು. ಆ ಫೋಟೋಗಳಲ್ಲಿದ್ದ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಅವನ ಬಣ್ಣವೇ.

"ಬೋಳು ಬಿಟ್ರೆ ತುಕ್ಕು ಹಿಡಿಯುತ್ತೆ," ಎಂದ ಮಾವ, ಮೇಜಿಗೆ. "ತುಕ್ಕು ಹಿಡಿದ್ರೆ ಆಮೇಲೆ ಮೇಸ್ತ್ರಿ ಸರಿಯಾಗಿ ಮಾಡಿಲ್ಲ ಅಂತೀರಿ."

"ಬಿಗಿದ ಮೇಲೆ ಗ್ರೀಸು ಸವರಿದ್ದೆ ಮಾವ, ತುಕ್ಕು ಹಿಡೀದಿರಲಿ ಅಂತ. ಅದನ್ನೂ ನೀನು ಒರೆಸಿ ಹಾಕಿದೆ."

"ಅದು ಗ್ರೀಸು ಅಂತ ಯಾರಿಗೆ ಗೊತ್ತು? ಗಲೀಜು ಅಂದ್ಕೊಂಡೆ."

ಅವನ ದನಿಯಲ್ಲಿ ನಾಟಕವಿರಲಿಲ್ಲ. ನಿಜಕ್ಕೂ ಗಲೀಜು ಎಂದುಕೊಂಡಿದ್ದ. ಒಂದು ಕ್ಷಣ ಅವನ ಮೇಲೆ ಅಯ್ಯೋ ಎನಿಸಿತು. ಆ ಕ್ಷಣದಲ್ಲೇ ಅವನು 'ನಾನೇ ಮಾಡಿದ್ದು' ಎಂದಿದ್ದರೆ ನಾನು ಪಟ್ಟಿಯನ್ನೇ ಮರೆತುಬಿಡುತ್ತಿದ್ದೆನೇನೋ. ಅವನು ಅಂಗಿಯ ಗುಂಡಿ ಸರಿಮಾಡಿಕೊಂಡ.

ಕಾರ್ಯದರ್ಶಿ ಕೆಮ್ಮಿ, ಒಂದು ಹಾಳೆ ಎಳೆದುಕೊಂಡು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಕೊನೆಗೆ ಓದಿದರು: "'ಹಿಂದಿನ ಸಂಚಿಕೆಯಲ್ಲಿ ಮುದ್ರಣದೋಷವಾಗಿದೆ. ಕೂಲಂಕಷ ಪರಿಶೀಲನೆಯ ನಂತರ, ಅಪಘಾತಕ್ಕೆ ಯಾರೂ ಹೊಣೆಯಲ್ಲವೆಂದೂ, ವಾಹನದ ವಯೋಸಹಜ ದೌರ್ಬಲ್ಯವೇ ಕಾರಣವೆಂದೂ ಸಮಿತಿಯು ತೀರ್ಮಾನಿಸಿದೆ. ಸಂಬಂಧಪಟ್ಟ ಎಲ್ಲರೂ ಇದನ್ನು ಒಪ್ಪಿ ಸಹಿ ಮಾಡಿದ್ದಾರೆ.'"

"ವಯೋಸಹಜ?" ಎಂದರು ಡಾಕ್ಟರಮ್ಮ. "ನನ್ನ ಕಾರಿಗೆ ಶ್ರದ್ಧಾಂಜಲಿ ಬರೆದ ಹಾಗಿದೆಯಲ್ಲ ಸ್ವಾಮಿ."

"ಕಾರಿಗೇನು ಬೇಜಾರಾಗುತ್ತಾ ಡಾಕ್ಟ್ರೇ?"

"ಅದೂ ನಿಜವೇ." ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಆಯಾಸವಿತ್ತು. "ನೋಡಮ್ಮ, ನಾನು ಮತ್ತೆ ನಿನ್ನ ಕೈಯಲ್ಲೇ ವೈರಿಂಗ್ ಮಾಡಿಸೋದು. ಬಣ್ಣ ಇವರ ಕೈಯಲ್ಲೇ ಹೊಡೆಸೋದು. ನನಗೆ ಇಬ್ಬರೂ ಬೇಕು. ಸಹಿ ಹಾಕಿಬಿಡು, ಮುಗೀಲಿ."

"ಪಟ್ಟಿಯಲ್ಲಿ ನಿಮ್ಮ ಹೆಸರು ಹಾಗೇ ಇರುತ್ತೆ," ಎಂದರು ಕಾರ್ಯದರ್ಶಿ. "ಇರುತ್ತೆ ಏನು, ಮೇಲಕ್ಕೇ ಹಾಕೋಣ. ರಿಲೇ ಬೇಡ ಅಂತ ಬರೆದದ್ದನ್ನೂ ವಾಪಸು ತಗೋತೀವಿ."

ಮಾವ ಕುರ್ಚಿಯನ್ನು ನನ್ನತ್ತ ಸ್ವಲ್ಪ ಎಳೆದುಕೊಂಡ. ಅವನ ಮೈಯಿಂದ ಯಾವಾಗಿನಂತೆ ಬಣ್ಣಕ್ಕೆ ಬೆರೆಸುವ ತಿನ್ನರ್ ವಾಸನೆ. "ಶೆಡ್ಡಿನಲ್ಲಿ ರಸ್ತೆ ಕಡೆ ಶಟರ್ ಇರೋ ಜಾಗ ಇದೆಯಲ್ಲ, ಅದನ್ನ ನೀನು ತಗೋ," ಎಂದ, ಬೇರೆಯವರಿಗೆ ಕೇಳದಂತೆ. "ಬಾಗಿಲ ಮೇಲೆ ಬೋರ್ಡು ನಾನೇ ಬರೆದುಕೊಡ್ತೀನಿ. ನಿನ್ನ ಹೆಸರು, ಇಷ್ಟು ದಪ್ಪ ಅಕ್ಷರದಲ್ಲಿ, ಏಳು ಕೋಟು. ಎಷ್ಟು ವರ್ಷದಿಂದ ಕೇಳ್ತಿದ್ದೀಯ ನೀನು?"

ನಾಲ್ಕು ವರ್ಷದಿಂದ.

ಡಾಕ್ಟರಮ್ಮ ಎಡಗೈಯಲ್ಲಿ ಒದ್ದಾಡಿ ಸಹಿ ಮಾಡಿದರು, ಅದು ಎರೆಹುಳದ ಹಾಗೆ ಮೂಡಿತು. ಮಾವ ಕನ್ನಡಕವಿಲ್ಲದೆಯೇ ಗೆರೆ ಎಲ್ಲಿದೆ ಎಂದು ಕಂಡುಹಿಡಿದು, ತನ್ನ ಹೆಸರನ್ನು ಸುಳಿ ಬಳುಕುಗಳ ಸಮೇತ ಬರೆದ. ಕಾರ್ಯದರ್ಶಿ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು, ಹಿಡಿ ನನ್ನ ಕಡೆಗೆ ಮಾಡಿ ಚಾಚಿದರು.

"ಇಲ್ಲಿ, ಕೆಳಗೆ."

"ಹಾಕಲ್ಲ," ಎಂದೆ.

"ಆತುರ ಬೇಡಮ್ಮ. ಮನೆಗೆ ಹೋಗಿ ಯೋಚನೆ ಮಾಡಿ. ನಾಳೆ ಬಂದು ಹಾಕಿದ್ರೂ ನಡೆಯುತ್ತೆ."

"ನಾಳೆನೂ ಹಾಕಲ್ಲ."